ಕಿರೀಟ ಧರಿಸದ ದೊರೆ ರಾಮರಾಯ

ಫ್ಲಾರೆನ್ಸ್ ನಗರವನ್ನು ಕಿರೀಟವಿಲ್ಲದೆಯೇ ಆಳಿದ ಮೆಡಿಚಿ ಮನೆತನದ ಕಥೆ 2016ರಲ್ಲಿ ಕಿರುತೆರೆಯ ಧಾರಾವಾಹಿಯಾಯಿತು. ಅಂತಹ ಕಥೆಗಾಗಿ ಇಟಲಿಗೇ ಹೋಗಬೇಕಿಲ್ಲ. ಕಲ್ಮಲ, ಮಾನ್ವಿ, ದೇವದುರ್ಗಗಳನ್ನೊಳಗೊಂಡ ಕೃಷ್ಣಾ-ತುಂಗಭದ್ರೆಯರ ನಡುನಾಡಿಗಾಗಿ ಕಾದಾಡಿದ ಅರವೀಡು ಮನೆತನದ ರಾಮರಾಯನೂ ಅಂಥವನೇ.

1520ರಲ್ಲಿ ರಾಯಚೂರನ್ನು ಗೆದ್ದ ಕೃಷ್ಣದೇವರಾಯನ ಅಳಿಯನಾದ ಈತ, ಮಾವನ ಮರಣಾನಂತರ ಅರಮನೆಯ ಕಲಹಗಳ ನಡುವೆ ಪ್ರಬಲನಾದ. 1543ರ ಹೊತ್ತಿಗೆ ಸದಾಶಿವರಾಯನನ್ನು ಪಟ್ಟದಲ್ಲಿ ಕೂರಿಸಿ, ಅಧಿಕಾರವನ್ನು ತನ್ನ ಬಳಿಯೇ ಇರಿಸಿಕೊಂಡ. ತಮ್ಮಂದಿರಾದ ತಿರುಮಲ, ವೆಂಕಟಾದ್ರಿ ಅವನ ಎರಡು ತೋಳುಗಳಾದರು.

ಒಬ್ಬ ಸುಲ್ತಾನನನ್ನು ಮತ್ತೊಬ್ಬನ ಮೇಲೆ ಎತ್ತಿಕಟ್ಟುವುದೇ ಅವನ ರಾಜನೀತಿ. ದೇಶಭ್ರಷ್ಟನಾಗಿ ಬಂದ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನಿಗೆ ಆತ ವರ್ಷಗಟ್ಟಲೆ ಆಶ್ರಯವಿತ್ತ. ಬಿಜಾಪುರದ ಅಲಿ ಆದಿಲ್ ಶಾಹನನ್ನು ಮಗನಂತೆ ಆದರಿಸಿದ. ಆದರೆ 1565ರ ಜನವರಿಯಲ್ಲಿ ಎದುರಾದ ಒಕ್ಕೂಟದಲ್ಲಿ ಅವರಿಬ್ಬರೂ ಇದ್ದರು. ಈ ನಂಟುಗಳನ್ನು ಮರೆತು ರಕ್ಕಸತಂಗಡಿಯನ್ನು ಬರಿಯ ಧರ್ಮಯುದ್ಧವೆಂದು ಕರೆಯುವುದು ಇತಿಹಾಸಕ್ಕೆ ಬಗೆಯುವ ಅನ್ಯಾಯ.

ವೃದ್ಧ ರಾಮರಾಯ ರಣರಂಗದಲ್ಲಿ ಸೆರೆಸಿಕ್ಕಿ ಶಿರಚ್ಛೇದಕ್ಕೆ ಒಳಗಾದ. ತಿರುಮಲ ಅರಸನನ್ನು ಪೆನುಕೊಂಡೆಗೆ ಕರೆದೊಯ್ದ; ರಕ್ಷಕರಿಲ್ಲದ ರಾಜಧಾನಿ ಸೂರೆಹೋಯಿತು; ರಾಯಚೂರು ಸೀಮೆ ಬಿಜಾಪುರದ ಪಾಲಾಯಿತು. ಗಿರೀಶ ಕಾರ್ನಾಡರು 2018ರಲ್ಲಿ ಪ್ರಕಟಿಸಿದ ‘ರಾಕ್ಷಸ ತಂಗಡಿ’ ನಾಟಕ ಈ ದುರಂತವನ್ನೇ ಆಧರಿಸಿದೆ.

ರಾಮರಾಯನಿಗೆ ಜಾಣ್ಮೆಯ ಕೊರತೆಯಿರಲಿಲ್ಲ. ಒಬ್ಬನ ಜಾಣ್ಮೆಯನ್ನೇ ನೆಚ್ಚಿದ ರಾಜ್ಯ ಅವನ ತಲೆ ಉರುಳಿದೊಡನೆ ದಿಕ್ಕೆಟ್ಟಿತು. ಸಂಸ್ಥೆಗಳಿಗಿಂತ ವ್ಯಕ್ತಿಯನ್ನು ಹೆಚ್ಚು ನಂಬುವ ಎಲ್ಲ ಕಾಲದವರಿಗೂ ಅವನ ಬದುಕು ಎಚ್ಚರಿಕೆಯ ಪಾಠ.