ವಿಮಾನ, ಹಡಗು, ಕಾರು: ವಾಲಚಂದ್ ಹೀರಾಚಂದ್

ಎಂಜಿನಿಯರಿಂಗ್ ಮುಗಿಸಿದವನನ್ನು ನಮ್ಮೂರ ಹಿರಿಯರು ಮೊದಲು ಕೇಳುವ ಪ್ರಶ್ನೆ, ಕೆಲಸ ಸರ್ಕಾರಿಯೋ ಪ್ರೈವೇಟೋ ಎಂದು. ಸುವರ್ಣ ಮಹೋತ್ಸವದ ಸಂಚಿಕೆಗೆ ಸಾಧಕರೊಬ್ಬರ ಬಗ್ಗೆ ಬರೆದುಕೊಡು ಎಂದು ಗುರುಗಳು ಹೇಳಿದಾಗ, ಆ ಪ್ರಶ್ನೆಯ ಎರಡೂ ಬದಿಯನ್ನು ಕಂಡವರೊಬ್ಬರು ನೆನಪಾದರು. ಸರ್ ಎಂ.ವಿ. ಅವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ವಾಲಚಂದ್ ಹೀರಾಚಂದ್ ಅವರ ಬಗ್ಗೆ.

ಅವರು ಹುಟ್ಟಿದ್ದು 1882ರಲ್ಲಿ, ಸೊಲ್ಲಾಪುರದ ಗುಜರಾತಿ ಜೈನ ವ್ಯಾಪಾರಿ ಮನೆತನದಲ್ಲಿ. ಮನೆಯ ಹತ್ತಿ ವ್ಯಾಪಾರ, ಲೇವಾದೇವಿ ಬಿಟ್ಟು ರೈಲ್ವೆ ಗುತ್ತಿಗೆಗೆ ಇಳಿದರು. 1919ರಲ್ಲಿ ಗೆಳೆಯರೊಡನೆ ಸಿಂಧಿಯಾ ಹಡಗು ಕಂಪನಿ ಕಟ್ಟಿ, ಲಾಯಲ್ಟಿ ಎಂಬ ಹಡಗು ಕೊಂಡು, ಏಪ್ರಿಲ್ 5ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಡಿಸಿದರು. ಆಗ ನಮ್ಮ ಸಮುದ್ರದ ವ್ಯಾಪಾರವೆಲ್ಲ ಬ್ರಿಟಿಷ್ ಹಡಗು ಕಂಪನಿಗಳ ಕೈಯಲ್ಲಿತ್ತು. ದರ ಇಳಿಸಿ ಸಿಂಧಿಯಾವನ್ನು ಮುಳುಗಿಸಲು ನೋಡಿದರೂ ಅದು ಮುಳುಗಲಿಲ್ಲ.

ನಮಗೆ ಹತ್ತಿರದ ಕಥೆ ಮುಂದಿನದು. ಕಾರು ಕಾರ್ಖಾನೆಯ ಕನಸು ಕಂಡಿದ್ದ ವಿಶ್ವೇಶ್ವರಯ್ಯನವರೊಂದಿಗೆ ವಾಲಚಂದ್ ಸೇರಿಕೊಂಡರು. ಮೈಸೂರು ಸರ್ಕಾರ ಒಪ್ಪಿದರೂ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಆ ಕಾರಿನ ಕೆಲಸದ ಮೇಲೆಯೇ 1939ರಲ್ಲಿ ಅಮೆರಿಕಕ್ಕೆ ಹೋಗುವಾಗ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ವಿಮಾನ ತಯಾರಕರ ಪರಿಚಯವಾಯಿತು. ಯುದ್ಧ ಶುರುವಾಗಿತ್ತು. ಕಾರಿಗೆ ಬೇಡವೆಂದ ಸರ್ಕಾರಕ್ಕೆ ವಿಮಾನ ಬೇಕಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಬೆಂಗಳೂರಿನಲ್ಲಿ ಜಮೀನು ಕೊಟ್ಟರು, ಮೈಸೂರಿನ ಹಣವನ್ನೂ ಹಾಕಿದರು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ನೋಂದಣಿಯಾಯಿತು. ವಾಲಚಂದ್ ಅದರ ಅಧ್ಯಕ್ಷರು. ಮರುವರ್ಷ ಭಾರತ ಸರ್ಕಾರವೂ 25 ಲಕ್ಷ ರೂಪಾಯಿ ಹಾಕಿ ಮೂರನೇ ಒಂದು ಪಾಲುದಾರನಾಯಿತು. 1941ರ ಆಗಸ್ಟಿನಲ್ಲಿ ಮೊದಲ ತರಬೇತಿ ವಿಮಾನ ಹಾರಿತು. ಬಿಡಿಭಾಗ ಅಮೆರಿಕದ್ದು, ಜೋಡಿಸಿದ ಕೈ ಇಲ್ಲಿಯದು.

ಅಷ್ಟರಲ್ಲಿ ಜಪಾನಿ ಸೈನ್ಯ ಬರ್ಮಾಕ್ಕೆ ಬಂತು. 1942ರ ಏಪ್ರಿಲ್‌ನಲ್ಲಿ ಸರ್ಕಾರ ವಾಲಚಂದ್ ಅವರ ಪಾಲನ್ನು ಕೊಂಡು ಕಾರ್ಖಾನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಮೈಸೂರು ತನ್ನ ಪಾಲು ಮಾರಲಿಲ್ಲ, ಆಡಳಿತ ಮಾತ್ರ ಬಿಟ್ಟುಕೊಟ್ಟಿತು.

ಇದು ಅನ್ಯಾಯವೇ? ಹದಿಮೂರು ವರ್ಷ ಖಾಸಗಿ ಕಂಪನಿಯಲ್ಲಿ ದುಡಿದ ನನಗೂ ಹಾಗೆ ಅನ್ನಿಸುವುದಿಲ್ಲ. ಯುದ್ಧವಿಮಾನಕ್ಕೆ ಗಿರಾಕಿ ಸರ್ಕಾರ ಒಂದೇ. ಆರ್ಡರು ಕೊಡುವವರೂ ಯಂತ್ರ ತರಿಸಲು ಪರವಾನಗಿ ಕೊಡುವವರೂ ಅವರೇ ಆದ ಮೇಲೆ ಪೇಟೆ ಎಂಬುದೇ ಅಲ್ಲಿ ಇರಲಿಲ್ಲ. ಆದರೆ ಸರ್ಕಾರವೇ ಎಲ್ಲ ಕಟ್ಟಿತು ಎನ್ನುವ ಮಾತೂ ಸುಳ್ಳು. ವಾಲಚಂದ್ ಬೆನ್ನು ಹತ್ತದಿದ್ದರೆ ಆ ಕಾರ್ಖಾನೆ ಆಗ ಏಳುತ್ತಿರಲಿಲ್ಲ. ಮೈಸೂರಿನ ನೆಲ, ದುಡ್ಡು ಇಲ್ಲದಿದ್ದರೆ ವಾಲಚಂದ್ ಅವರಿಂದಲೂ ಆಗುತ್ತಿರಲಿಲ್ಲ. ಅಲ್ಲೇ ಫಿಟ್ಟರ್ ಆಗಿ ನಿವೃತ್ತರಾದ ನಮ್ಮ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದಾಗ, ಮೊದಲ ಅಧ್ಯಕ್ಷರು ಸೊಲ್ಲಾಪುರದ ಸೇಠು ಎಂಬುದನ್ನು ಅವರು ನಂಬಲೇ ಇಲ್ಲ.

ಹಡಗಿನ ಕಥೆ ಬೇರೆ. ವಿಶಾಖಪಟ್ಟಣದ ಹಡಗು ಕಟ್ಟೆಗೆ 1941ರಲ್ಲಿ ರಾಜೇಂದ್ರ ಪ್ರಸಾದರು ಅಡಿಗಲ್ಲು ಹಾಕಿದರು. 1948ರ ಮಾರ್ಚ್‌ನಲ್ಲಿ ನೆಹರೂ ಅಲ್ಲಿ ಜಲಉಷಾ ಹಡಗನ್ನು ನೀರಿಗಿಳಿಸಿದರು. ಆದರೆ ಅಲ್ಲಿ ಕಟ್ಟಿದ ಹಡಗಿಗೆ ಇಂಗ್ಲೆಂಡಿನ ಹಡಗಿಗಿಂತ ಹೆಚ್ಚು ಖರ್ಚು ಬೀಳುತ್ತಿತ್ತು. ಆ ವ್ಯತ್ಯಾಸವನ್ನು ತುಂಬಿಕೊಡಲು ಸರ್ಕಾರವೇ ಬರಬೇಕಾಯಿತು. ಕೊನೆಗೆ 1952ರಲ್ಲಿ ಹಡಗು ಕಟ್ಟೆಯ ಹೆಚ್ಚಿನ ಪಾಲು ಸರ್ಕಾರದ್ದಾಯಿತು. ಇಲ್ಲಿ ಯಾರೂ ಯಾರಿಂದಲೂ ಕಿತ್ತುಕೊಳ್ಳಲಿಲ್ಲ. ಖಾಸಗಿಯವರ ಉಸಿರು ಸಾಲಲಿಲ್ಲ, ಅಷ್ಟೆ.

1948ರ ಏಪ್ರಿಲ್‌ನ ಕೈಗಾರಿಕಾ ನೀತಿ ಇವನ್ನೆಲ್ಲ ಕಾಗದದ ಮೇಲೆ ಗೆರೆ ಎಳೆದು ತೋರಿಸಿತು. ಕಲ್ಲಿದ್ದಲು, ಕಬ್ಬಿಣ ಉಕ್ಕು, ವಿಮಾನ, ಹಡಗು ನಿರ್ಮಾಣ, ದೂರವಾಣಿ ಮತ್ತು ತಂತಿ ಉಪಕರಣ, ಖನಿಜ ತೈಲ, ಈ ಆರರಲ್ಲಿ ಹೊಸ ಕಾರ್ಖಾನೆ ತೆರೆಯುವುದು ಸರ್ಕಾರದ ಪಾಲಿಗೆ. ಇದ್ದ ಖಾಸಗಿ ಕಾರ್ಖಾನೆಗಳನ್ನು ಹತ್ತು ವರ್ಷ ಮುಟ್ಟುವುದಿಲ್ಲ ಎಂಬ ಭರವಸೆ. ಕಾರು ಗೆರೆಯ ಆಚೆ, ಖಾಸಗಿಯವರಿಗೇ ಉಳಿಯಿತು, ಸರ್ಕಾರದ ನಿಯಂತ್ರಣದ ಕೆಳಗೆ.

1949ರಲ್ಲಿ ಪಾರ್ಶ್ವವಾಯು ಬಡಿದು ವಾಲಚಂದ್ ಮರುವರ್ಷ ವ್ಯವಹಾರದಿಂದ ಹಿಂದೆ ಸರಿದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ಅದೇ ವರ್ಷ ಆಗಸ್ಟಿನಲ್ಲಿ ದೇಶದ ವಿಮಾನಯಾನ ಕಂಪನಿಗಳೂ ಸರ್ಕಾರದ ವಶವಾದವು. 1944ರಲ್ಲಿ ಅವರು ಸ್ಥಾಪಿಸಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಮಾತ್ರ ಮುಂಬಯಿಯ ಕುರ್ಲಾದಲ್ಲಿ ಖಾಸಗಿಯಾಗಿಯೇ ನಡೆಯಿತು. ಎಷ್ಟು ಕಾರು ಮಾಡಬೇಕೆಂದು ಲೈಸೆನ್ಸ್ ಹೇಳುತ್ತಿದ್ದುದರಿಂದ ಕೊಳ್ಳುವವರು ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದರು. ಅಲ್ಲಿಂದ ಬಂದ ಪದ್ಮಿನಿ ಕಾರು ನಮ್ಮೂರಲ್ಲೂ ಒಂದಿತ್ತು. ಮದುವೆ ಗಂಡನ್ನು ಕರೆತರಲು ಎಲ್ಲರೂ ಅದನ್ನೇ ಕೇಳಿ ತರುತ್ತಿದ್ದರು.