ತಿಳಿದಿರುವುದರಿಂದ ತಿಳಿಯದಿರುವುದರ ಕಡೆಗೆ: ಗಣಿತದ ಉಸ್ತಾದ್ ಮಾಸ್ಟರ್ ರಾಮಚಂದ್ರ

ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಶಾಲೆಯ ಅಂಗಳದಲ್ಲಿ ಒಂದೇ ಬಗೆಯ ದೃಶ್ಯ ಕಾಣುತ್ತದೆ. ಉಳಿದ ಐದು ವಿಷಯಗಳಲ್ಲಿ ಪಾಸಾಗಿ ಗಣಿತವೊಂದರಲ್ಲಿ ನಿಂತ ಮಕ್ಕಳು ಗೋಡೆಗೆ ಒರಗಿ ನಿಂತಿರುತ್ತಾರೆ. ನನಗೆ ಲೆಕ್ಕ ತಲೆಗೆ ಹತ್ತುವುದಿಲ್ಲ ಸರ್, ಎಂಬುದು ಅವರೆಲ್ಲರ ಮಾತು. ನಾನು ಗಣಿತದ ಶಿಕ್ಷಕನಲ್ಲ, ಉರ್ದು ಮತ್ತು ಕನ್ನಡ ಕಲಿಸುವವನು. ಆದರೂ ಈ ಮಾತು ಕೇಳಿದಾಗಲೆಲ್ಲ ನನ್ನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಲೆಕ್ಕ ಮಗುವಿನ ತಲೆಗೆ ಹತ್ತಲಿಲ್ಲವೋ, ಅಥವಾ ಹತ್ತಲು ಬೇಕಾದ ಮೆಟ್ಟಿಲನ್ನು ನಾವು ಕಟ್ಟಿಕೊಡಲಿಲ್ಲವೋ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ತಮ್ಮ ಇಡೀ ಬದುಕನ್ನು ಸವೆಸಿದ ಒಬ್ಬ ಶಿಕ್ಷಕರು 19ನೇ ಶತಮಾನದ ದೆಹಲಿಯಲ್ಲಿದ್ದರು. ಅವರೇ ಮಾಸ್ಟರ್ ರಾಮಚಂದ್ರ. ಉರ್ದು ಗದ್ಯದ ಇತಿಹಾಸ ಓದಿದವರಿಗೆ ಅವರ ಹೆಸರು ಗೊತ್ತು. ಗಣಿತದ ಉಸ್ತಾದರಾಗಿ ಅವರು ಮಾಡಿದ ಕೆಲಸವನ್ನು ನಮ್ಮ ವಿದ್ಯಾರ್ಥಿಗಳೂ ಶಿಕ್ಷಕರೂ ತಿಳಿಯಬೇಕೆಂಬುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಮಚಂದ್ರರು ಹುಟ್ಟಿದ್ದು 1821ರಲ್ಲಿ, ಪಾಣಿಪತ್‌ನಲ್ಲಿ. ದೆಹಲಿಯ ಕಾಯಸ್ಥ ಮನೆತನ. ತಂದೆ ಸುಂದರ್ ಲಾಲ್ ಕಂದಾಯ ಇಲಾಖೆಯ ನೌಕರರಾಗಿದ್ದರು. ರಾಮಚಂದ್ರರಿಗೆ ಸುಮಾರು ಹತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಆರು ಗಂಡುಮಕ್ಕಳನ್ನು ಸಾಕುವ ಹೊಣೆ ತಾಯಿಯ ಮೇಲೆ ಬಿತ್ತು. ಅಂತಹ ಕಷ್ಟದಲ್ಲಿಯೂ ಆ ತಾಯಿ ಮಗನ ಓದನ್ನು ನಿಲ್ಲಿಸಲಿಲ್ಲ. 1833ರಲ್ಲಿ ಬಾಲಕ ದೆಹಲಿಯ ಇಂಗ್ಲಿಷ್ ಶಾಲೆಗೆ ಸೇರಿದ.

ಆ ಶಾಲೆಯಲ್ಲಿ ಗಣಿತಕ್ಕೆ ಹೆಚ್ಚಿನ ಸ್ಥಾನವಿರಲಿಲ್ಲ. ಆದರೆ ಬಾಲಕನಿಗೆ ಅದರಲ್ಲಿ ವಿಶೇಷ ಒಲವು. ಕೈಗೆ ಸಿಕ್ಕ ಪುಸ್ತಕಗಳನ್ನು ಇಟ್ಟುಕೊಂಡು ಮನೆಯಲ್ಲಿ ತಾನೇ ಕಲಿತ. ಹೇಳಿಕೊಡುವವರಿಲ್ಲದೆ ಕಲಿತವನಿಗೆ ಪುಸ್ತಕದ ಯಾವ ಸಾಲಿನಲ್ಲಿ ದಾರಿ ತಪ್ಪುತ್ತದೆ, ಯಾವ ಹಂತವನ್ನು ಲೇಖಕ ಹೇಳದೆ ದಾಟಿಬಿಟ್ಟಿದ್ದಾನೆ ಎಂಬುದು ಚೆನ್ನಾಗಿ ತಿಳಿಯುತ್ತದೆ. ಮುಂದೆ ಒಳ್ಳೆಯ ಶಿಕ್ಷಕರಾಗಲು ಈ ಅನುಭವವೇ ಅವರಿಗೆ ನೆರವಾಗಿರಬೇಕು.

ಸಂಸಾರದ ಭಾರದಿಂದ ಕೆಲವು ವರ್ಷ ಓದು ಬಿಟ್ಟು ಗುಮಾಸ್ತರಾಗಿ ದುಡಿದರು. 1841ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಮತ್ತೆ ದೆಹಲಿ ಕಾಲೇಜಿಗೆ ಸೇರಿದರು. 1844ರಲ್ಲಿ ಅದೇ ಕಾಲೇಜಿನ ಪೌರ್ವಾತ್ಯ ವಿಭಾಗದಲ್ಲಿ ಯುರೋಪಿನ ವಿಜ್ಞಾನ ಮತ್ತು ಗಣಿತವನ್ನು ಕಲಿಸುವ ಶಿಕ್ಷಕರಾಗಿ ನೇಮಕಗೊಂಡರು.

ದೆಹಲಿ ಕಾಲೇಜು ಮತ್ತು ಉರ್ದು ಮಾಧ್ಯಮ

ಈ ಕಾಲೇಜಿನ ಮೂಲ ಅಜ್ಮೇರಿ ದರ್ವಾಜಾದ ಬಳಿಯ ಘಾಜಿಯುದ್ದೀನ್ ಮದ್ರಸಾ. 1825ರಲ್ಲಿ ಅದು ದೆಹಲಿ ಕಾಲೇಜಾಗಿ ರೂಪುಗೊಂಡಿತು. ಇಂದಿನ ಜಾಕಿರ್ ಹುಸೇನ್ ದೆಹಲಿ ಕಾಲೇಜು ಅದೇ ಪರಂಪರೆಗೆ ಸೇರಿದ್ದು. ಅಲ್ಲಿ ಒಂದು ಇಂಗ್ಲಿಷ್ ವಿಭಾಗ, ಇನ್ನೊಂದು ಅರಬ್ಬಿ, ಫಾರಸಿ, ಸಂಸ್ಕೃತಗಳನ್ನು ಕಲಿಸುವ ಪೌರ್ವಾತ್ಯ ವಿಭಾಗ ಇದ್ದವು. ಪೌರ್ವಾತ್ಯ ವಿಭಾಗದಲ್ಲಿ ಹೊಸ ವಿಜ್ಞಾನವನ್ನೂ ಗಣಿತವನ್ನೂ ಕಲಿಸುತ್ತಿದ್ದುದು ಉರ್ದುವಿನಲ್ಲಿ.

ಉರ್ದುವಿನಲ್ಲಿ ಕಲಿಸಲು ಮೊದಲು ಉರ್ದುವಿನಲ್ಲಿ ಪುಸ್ತಕಗಳು ಬೇಕಲ್ಲವೇ? ಕಾಲೇಜಿನ ಪ್ರಾಂಶುಪಾಲರಾಗಿದ್ದ ಬುತ್ರೋಸ್ ಅವರ ಕಾಲದಲ್ಲಿ ದೇಶಭಾಷೆಗೆ ಪುಸ್ತಕಗಳನ್ನು ಅನುವಾದಿಸುವ ಸಂಘವೊಂದು ಆರಂಭವಾಯಿತು. ಅವರ ನಂತರ ಬಂದ ಡಾಕ್ಟರ್ ಸ್ಪ್ರೆಂಗರ್ ಆ ಕೆಲಸವನ್ನು ಮುಂದುವರಿಸಿದರು. ಬೀಜಗಣಿತ, ತ್ರಿಕೋನಮಿತಿ ಮತ್ತು ಕಲನಶಾಸ್ತ್ರದ ಪುಸ್ತಕಗಳು ರಾಮಚಂದ್ರರ ಲೇಖನಿಯಿಂದ ಉರ್ದುವಿಗೆ ಬಂದವು.

ತರಗತಿಯಲ್ಲಿ ಎಲ್ಲವೂ ಸುಗಮವಾಗಿರಲಿಲ್ಲ. ಹಳೆಯ ಯೂನಾನಿ ಖಗೋಳವನ್ನು ಓದಿದ್ದ ವಿದ್ಯಾರ್ಥಿಗಳಿಗೆ ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂಬ ಪಾಠ ಹಿಡಿಸಲಿಲ್ಲ. ನಗರದ ಹಿರಿಯ ವಿದ್ವಾಂಸರಲ್ಲಿ ಕೆಲವರಿಗೂ ಅಸಮಾಧಾನವಿತ್ತು. ರಾಮಚಂದ್ರರು ವಾದಕ್ಕೆ ಅವಕಾಶ ಕೊಟ್ಟರು. ಕ್ರಮೇಣ ವಿದ್ಯಾರ್ಥಿಗಳೇ ಹೊಸ ವಿಷಯದಲ್ಲಿ ರುಚಿ ಕಂಡುಕೊಂಡರು. ಪ್ರಶ್ನೆ ಕೇಳಲು ಹೆದರದ ತರಗತಿಯಲ್ಲಿ ಮಾತ್ರ ಇದು ಸಾಧ್ಯ.

ಪಾಠದ ಕೋಣೆಯ ಹೊರಗೂ ಅವರ ಕೆಲಸ ನಡೆದಿತ್ತು. 1845ರಲ್ಲಿ 'ಫವಾಯಿದುನ್ನಾಜಿರೀನ್', 1847ರಲ್ಲಿ 'ಮುಹಿಬ್ಬೆ ಹಿಂದ್' ಎಂಬ ಪತ್ರಿಕೆಗಳನ್ನು ಹೊರಡಿಸಿದರು. ವಿಜ್ಞಾನ, ಇತಿಹಾಸ, ಸಮಾಜ ಸುಧಾರಣೆಯ ವಿಷಯಗಳನ್ನು ಅಲಂಕಾರವಿಲ್ಲದ ಸರಳ ಉರ್ದುವಿನಲ್ಲಿ ಬರೆದರು. ಫಾರಸಿಯ ಆಡಂಬರ ತುಂಬಿದ್ದ ಆ ಕಾಲದ ಗದ್ಯಕ್ಕೆ ಇದು ಹೊಸ ದಾರಿಯಾಯಿತು.

ಒಂದು ಸಣ್ಣ ಲೆಕ್ಕ, ಒಂದು ದೊಡ್ಡ ವಿಚಾರ

1850ರಲ್ಲಿ ರಾಮಚಂದ್ರರು ಕಲ್ಕತ್ತಾದಲ್ಲಿ ತಮ್ಮ ಸ್ವಂತ ಖರ್ಚಿನಿಂದ ಒಂದು ಗಣಿತ ಗ್ರಂಥವನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರು. ಗರಿಷ್ಠ ಮತ್ತು ಕನಿಷ್ಠ ಬೆಲೆಗಳನ್ನು ಕಂಡುಹಿಡಿಯುವ ಸಮಸ್ಯೆಗಳು ಅದರ ವಸ್ತು. ಇಂತಹ ಸಮಸ್ಯೆಗಳನ್ನು ಬಿಡಿಸಲು ಸಾಮಾನ್ಯವಾಗಿ ಕಲನಶಾಸ್ತ್ರ ಬೇಕು. ಇಂದಿಗೂ ನಮ್ಮ ಮಕ್ಕಳು ಅದನ್ನು ಪಿ.ಯು.ಸಿ.ಯಲ್ಲಿ ಕಲಿಯುತ್ತಾರೆ. ರಾಮಚಂದ್ರರು ಕಲನಶಾಸ್ತ್ರವನ್ನು ಬದಿಗಿಟ್ಟು, ಬರೀ ಬೀಜಗಣಿತದ ಸಮೀಕರಣಗಳಿಂದ ಅವುಗಳನ್ನು ಬಿಡಿಸಿ ತೋರಿಸಿದರು.

ಪ್ರಿಯ ವಿದ್ಯಾರ್ಥಿಗಳೇ, ಅವರ ವಿಧಾನವನ್ನು ನೀವೇ ಮಾಡಿ ನೋಡಬಹುದು. 10 ಎಂಬ ಸಂಖ್ಯೆಯನ್ನು ಎರಡು ಭಾಗ ಮಾಡಿರಿ. ಆ ಎರಡು ಭಾಗಗಳ ಗುಣಲಬ್ಧ ಅತಿ ಹೆಚ್ಚಾಗುವುದು ಯಾವಾಗ? 1 ಮತ್ತು 9 ಆದರೆ ಗುಣಲಬ್ಧ 9. 2 ಮತ್ತು 8 ಆದರೆ 16. 3 ಮತ್ತು 7 ಆದರೆ 21. 4 ಮತ್ತು 6 ಆದರೆ 24. 5 ಮತ್ತು 5 ಆದರೆ 25. ಉತ್ತರ 25 ಇರಬೇಕೆಂದು ಮನಸ್ಸು ಹೇಳುತ್ತದೆ. ಆದರೆ ಭಿನ್ನರಾಶಿಗಳೂ ಇವೆಯಲ್ಲ? 25ಕ್ಕಿಂತ ಹೆಚ್ಚು ಬರುವುದೇ ಇಲ್ಲ ಎಂದು ಹೇಗೆ ಹೇಳುವುದು?

ಒಂದು ಭಾಗವನ್ನು ಕ ಎಂದುಕೊಳ್ಳೋಣ. ಇನ್ನೊಂದು ಭಾಗ 10 − ಕ. ಗುಣಲಬ್ಧವನ್ನು ಗ ಎಂದುಕೊಂಡರೆ ಕ × (10 − ಕ) = ಗ. ಇದು ಹತ್ತನೆಯ ತರಗತಿಯ ವರ್ಗಸಮೀಕರಣವೇ. ಬಿಡಿಸಿದರೆ ಕ = 5 ± √(25 − ಗ) ಎಂದು ಬರುತ್ತದೆ. ಈಗ ವರ್ಗಮೂಲದ ಒಳಗೆ ನೋಡಿರಿ. ಗ ಎಂಬುದು 25ಕ್ಕಿಂತ ಹೆಚ್ಚಾದರೆ ಒಳಗಿನ ಸಂಖ್ಯೆ ಋಣವಾಗುತ್ತದೆ. ಆಗ ಅಂತಹ ವಾಸ್ತವ ಸಂಖ್ಯೆಯೇ ಇರುವುದಿಲ್ಲ. ಆದ್ದರಿಂದ ಗುಣಲಬ್ಧ 25ನ್ನು ದಾಟಲಾರದು. ಗ = 25 ಆದಾಗ ಕ = 5. ಲೆಕ್ಕ ಮುಗಿಯಿತು. 20 ಮೀಟರ್ ಬೇಲಿಯಿಂದ ಅತಿ ಹೆಚ್ಚು ಜಾಗ ಸುತ್ತುವರಿಯುವ ಆಯತ ಯಾವುದು ಎಂಬ ಪ್ರಶ್ನೆಗೂ ಇದೇ ಉತ್ತರ: 5 ಮೀಟರ್ ಬಾಹುವಿನ ಚೌಕ.

ನಾವು ಬಿ.ಎಡ್.ನಲ್ಲಿ ಬೋಧನಾ ಸೂತ್ರಗಳನ್ನು ಓದುವಾಗ ಬಾಯಿಪಾಠ ಮಾಡುವ ಒಂದು ಸೂತ್ರವಿದೆ: ತಿಳಿದಿರುವುದರಿಂದ ತಿಳಿಯದಿರುವುದರ ಕಡೆಗೆ ಹೋಗಬೇಕು. ರಾಮಚಂದ್ರರ ಪುಸ್ತಕ ಈ ಸೂತ್ರದ ಜೀವಂತ ಉದಾಹರಣೆ. ಬೀಜಗಣಿತ ನಮ್ಮ ನಾಡಿಗೆ ಹೊಸದಲ್ಲ. ಭಾಸ್ಕರಾಚಾರ್ಯರ 'ಬೀಜಗಣಿತ' 12ನೇ ಶತಮಾನದ್ದು. ಬಗ್ದಾದಿನ ಅಲ್ ಖ್ವಾರಿಜ್ಮಿಯ ಜಬ್ರ್ ವ ಮುಖಾಬಲಾ 9ನೇ ಶತಮಾನದ್ದು. ಭಾಸ್ಕರಾಚಾರ್ಯರ 'ಲೀಲಾವತಿ'ಯನ್ನು ಅಕ್ಬರನ ಆಸ್ಥಾನದ ಫೈಜಿ 1587ರಲ್ಲೇ ಫಾರಸಿಗೆ ತಂದಿದ್ದರು. ವಿದ್ಯಾರ್ಥಿಗೆ ಪರಿಚಯವಿದ್ದ ಈ ನೆಲದ ಮೇಲೆ ನಿಲ್ಲಿಸಿ, ಅಲ್ಲಿಂದಲೇ ಕಠಿಣ ಸಮಸ್ಯೆಯನ್ನು ಎಟುಕಿಸುವುದು ರಾಮಚಂದ್ರರ ಉದ್ದೇಶವಾಗಿತ್ತು.

ಟೀಕೆ ಮತ್ತು ಮನ್ನಣೆ

ಪುಸ್ತಕಕ್ಕೆ ಕಲ್ಕತ್ತಾದಲ್ಲಿ ಸಿಕ್ಕಿದ್ದು ಹೊಗಳಿಕೆಯಲ್ಲ, ಟೀಕೆ. ಪ್ರತಿಗಳು ಮಾರಾಟವಾಗಲಿಲ್ಲ. ಸ್ವಂತ ಹಣ ಹಾಕಿದ್ದ ಶಿಕ್ಷಕರಿಗೆ ಎಷ್ಟು ನೋವಾಗಿರಬೇಕು! ಆಗ ಶಿಕ್ಷಣಾಭಿಮಾನಿ ಬೆಥೂನ್ ಸಾಹೇಬರು ಹಲವು ಪ್ರತಿಗಳನ್ನು ಕೊಂಡು ಇಂಗ್ಲೆಂಡಿಗೆ ಕಳುಹಿಸಿದರು. ಅವುಗಳಲ್ಲಿ ಒಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಆಗಸ್ಟಸ್ ಡಿ ಮಾರ್ಗನ್ ಅವರ ಕೈ ಸೇರಿತು. ಈ ಡಿ ಮಾರ್ಗನ್ 1806ರಲ್ಲಿ ನಮ್ಮ ಮದುರೆಯಲ್ಲಿ ಹುಟ್ಟಿದವರು. ಗಣಿತ ಕಲಿಯುವಾಗ ಬರುವ ತೊಡಕುಗಳ ಬಗ್ಗೆ 1831ರಲ್ಲೇ ಪುಸ್ತಕ ಬರೆದಿದ್ದರು. ದೆಹಲಿಯ ಈ ಅಪರಿಚಿತ ಶಿಕ್ಷಕರ ಬೆಲೆ ಅವರಿಗೆ ತಿಳಿಯಿತು. ಅವರ ಶಿಫಾರಸಿನಿಂದ ಈಸ್ಟ್ ಇಂಡಿಯಾ ಕಂಪನಿ ರಾಮಚಂದ್ರರಿಗೆ ಖಿಲ್ಲತ್ ಮತ್ತು 2000 ರೂಪಾಯಿ ಬಹುಮಾನ ನೀಡಿತು. 1859ರಲ್ಲಿ ಡಿ ಮಾರ್ಗನ್ ಅವರ ಮುನ್ನುಡಿಯೊಂದಿಗೆ ಪುಸ್ತಕ ಲಂಡನ್ನಿನಲ್ಲಿ ಮತ್ತೆ ಅಚ್ಚಾಯಿತು.

ಇಷ್ಟಾದರೂ ಒಂದು ಸತ್ಯವನ್ನು ಹೇಳಲೇಬೇಕು. ಭಾರತದ ಶಾಲೆಗಳ ಪಾಠಕ್ರಮದಲ್ಲಿ ಆ ಪುಸ್ತಕ ನೆಲೆಯೂರಲಿಲ್ಲ. ಯಾರ ಮಕ್ಕಳಿಗಾಗಿ ಬರೆದರೋ ಆ ಮಕ್ಕಳ ಕೈಗೆ ಅದು ತಲುಪಲಿಲ್ಲ.

ಕಷ್ಟದ ದಿನಗಳು

1852ರಲ್ಲಿ ರಾಮಚಂದ್ರರು ಕ್ರೈಸ್ತ ಧರ್ಮ ಸ್ವೀಕರಿಸಿದರು. ದೆಹಲಿಯಲ್ಲಿ ದೊಡ್ಡ ಗದ್ದಲವೆದ್ದಿತು. ಬಂಧುಬಳಗದವರ ವಿರೋಧ ಎದುರಿಸಬೇಕಾಯಿತು. 1857ರ ಮೇ ತಿಂಗಳಲ್ಲಿ ದಂಗೆ ಎದ್ದಾಗ ಕಾಲೇಜಿನ ಪ್ರಾಂಶುಪಾಲ ಟೇಲರ್ ಹತರಾದರು, ಗ್ರಂಥಾಲಯ ಲೂಟಿಯಾಯಿತು. ರಾಮಚಂದ್ರರು ಅಡಗಿಕೊಂಡು, ನಂತರ ನಗರದಿಂದ ತಪ್ಪಿಸಿಕೊಂಡು ಜೀವ ಉಳಿಸಿಕೊಂಡರು. ದೆಹಲಿ ಮತ್ತೆ ಇಂಗ್ಲಿಷರ ವಶವಾದ ಮೇಲೆ ಅವರಿಗೆ ನೆಮ್ಮದಿ ಸಿಗಬೇಕಿತ್ತು. ಆದರೆ ಮೈಬಣ್ಣ ನೋಡಿ ಇಂಗ್ಲಿಷ್ ಅಧಿಕಾರಿಗಳು ಅವರನ್ನು ಬೀದಿಯಲ್ಲಿ ಹೊಡೆದು ಅವಮಾನಿಸಿದರು. ಲಂಡನ್ನಿನ ಪ್ರಾಧ್ಯಾಪಕರು ಮೆಚ್ಚಿದ ಗಣಿತಜ್ಞರಿಗೆ ತಮ್ಮ ಊರಿನಲ್ಲೇ ಈ ಗತಿ. ಈ ಬಗ್ಗೆ ಅವರು ದೆಹಲಿಯ ಸೇನಾಧಿಕಾರಿಗೆ ದೂರು ಬರೆದರು.

ಅಷ್ಟೆಲ್ಲ ಆದರೂ ಅವರು ಪಾಠ ಬಿಡಲಿಲ್ಲ. 1858ರಲ್ಲಿ ರೂರ್ಕಿಯ ಎಂಜಿನಿಯರಿಂಗ್ ಕಾಲೇಜಿಗೆ ಶಿಕ್ಷಕರಾಗಿ ಹೋದರು. ಆಮೇಲೆ ದೆಹಲಿಯ ಜಿಲ್ಲಾ ಶಾಲೆಯ ಮುಖ್ಯೋಪಾಧ್ಯಾಯರಾದರು. 1863ರಲ್ಲಿ ಕಲನಶಾಸ್ತ್ರದ ಹೊಸ ವಿಧಾನವೊಂದರ ಬಗ್ಗೆ ಇನ್ನೊಂದು ಪುಸ್ತಕ ಪ್ರಕಟಿಸಿದರು. ಅನಾರೋಗ್ಯದಿಂದ 1866ರಲ್ಲಿ ನಿವೃತ್ತರಾದ ನಂತರ ಪಟಿಯಾಲಾ ಸಂಸ್ಥಾನದ ಶಿಕ್ಷಣ ಇಲಾಖೆಯನ್ನು ನೋಡಿಕೊಂಡರು. 1880ರಲ್ಲಿ ನಿಧನರಾದರು.

ಶಿಷ್ಯ ಪರಂಪರೆ

ಉಸ್ತಾದನ ನಿಜವಾದ ಪುಸ್ತಕವೆಂದರೆ ಶಿಷ್ಯ. ದೆಹಲಿ ಕಾಲೇಜಿನಲ್ಲಿ ಓದಿ ಹೊರಬಂದವರಲ್ಲಿ ಡೆಪ್ಯುಟಿ ನಜೀರ್ ಅಹ್ಮದ್, ಮುಹಮ್ಮದ್ ಹುಸೇನ್ ಆಜಾದ್ ಮತ್ತು ಮೌಲ್ವಿ ಜಕಾವುಲ್ಲಾ ಇದ್ದರು. ಇವರಲ್ಲಿ ಗಣಿತವನ್ನು ಎದೆಗೆ ಹಚ್ಚಿಕೊಂಡವರು ಜಕಾವುಲ್ಲಾ. ಧರ್ಮನಿಷ್ಠ ಮನೆತನದ ಈ ಬಾಲಕ ರಾಮಚಂದ್ರರ ಅಚ್ಚುಮೆಚ್ಚಿನ ಶಿಷ್ಯನಾದ. ಗುರುಗಳು ಧರ್ಮ ಬದಲಿಸಿದರೂ ಗುರುಭಕ್ತಿ ಬದಲಾಗಲಿಲ್ಲ. ಮುಂದೆ ಜಕಾವುಲ್ಲಾ ಅಲಹಾಬಾದಿನ ಮ್ಯೂರ್ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಉರ್ದುವಿನಲ್ಲಿ ಗಣಿತದ ಅನೇಕ ಪಠ್ಯಪುಸ್ತಕಗಳನ್ನು ಬರೆದರು. ಮಾತೃಭಾಷೆಯಲ್ಲೇ ವಿದ್ಯೆ ಸಿಗಬೇಕೆಂದು 1910ರಲ್ಲಿ ತೀರಿಕೊಳ್ಳುವವರೆಗೂ ವಾದಿಸಿದರು.

1918ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಗಣಿತ, ವಿಜ್ಞಾನಗಳನ್ನು ಕಲಿಸತೊಡಗಿತು. ಅಂದು ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ಬೀದರ್, ರಾಯಚೂರಿನ ವಿದ್ಯಾರ್ಥಿಗಳಿಗೂ ಅದರ ಬಾಗಿಲು ತೆರೆದಿತ್ತು. ದೆಹಲಿ ಕಾಲೇಜಿನಲ್ಲಿ ಮೊದಲು ನಡೆದ ಪ್ರಯೋಗವೇ ಅಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು.

ನಮಗೆ ಪಾಠ

ಒಮ್ಮೆ ಗಣಿತ ಶಿಕ್ಷಕರು ರಜೆಯಲ್ಲಿದ್ದಾಗ ಒಂಬತ್ತನೆಯ ತರಗತಿಗೆ ನಾನು ಹೋಗಬೇಕಾಯಿತು. ಏಳನೆಯವರೆಗೆ ಉರ್ದು ಮಾಧ್ಯಮದಲ್ಲಿ ಓದಿ ಕನ್ನಡ ಮಾಧ್ಯಮಕ್ಕೆ ಬಂದ ಹುಡುಗನೊಬ್ಬ ವೃತ್ತದ ಲೆಕ್ಕದ ಮುಂದೆ ಸುಮ್ಮನೆ ಕುಳಿತಿದ್ದ. ವ್ಯಾಸ ಎಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಕುತ್ರ್ ಎಂದೊಡನೆ ಅವನ ಮುಖ ಅರಳಿತು. ಎರಡೇ ನಿಮಿಷದಲ್ಲಿ ಲೆಕ್ಕ ಮಾಡಿ ತೋರಿಸಿದ. ಅವನು ಅಷ್ಟು ದಿನ ದಡ್ಡರ ಬೆಂಚಿನಲ್ಲಿ ಕುಳಿತಿದ್ದುದು ಗಣಿತ ಬಾರದೆ ಅಲ್ಲ, ಒಂದು ಪದ ಬಾರದೆ. ಕನ್ನಡ ಕಲಿಸುವ ನಾನೇ ಆ ಪದವನ್ನು ಅವನಿಗೆ ಮೊದಲು ಕೊಡಬೇಕಿತ್ತು. ಆ ದಿನ ನನಗೆ ನಾಚಿಕೆಯಾಯಿತು.

ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಮಂಡಿಸಿದ ವಿಚಾರದ ಪ್ರಕಾರ, ನಾನು ಮಾಡಬಲ್ಲೆ ಎಂಬ ನಂಬಿಕೆ ಮುಖ್ಯವಾಗಿ ಹುಟ್ಟುವುದು ಸ್ವತಃ ಮಾಡಿ ಗೆದ್ದ ಅನುಭವದಿಂದ. ಬರೀ ಉಪದೇಶದಿಂದ, ಧೈರ್ಯದ ಮಾತಿನಿಂದ ಅದು ಬೇರೂರುವುದಿಲ್ಲ. ನಮ್ಮ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಗಣಿತದ ಭಯವನ್ನು ಗಂಭೀರವಾಗಿ ಪರಿಗಣಿಸಿ, ಸೂತ್ರ ಕಂಠಪಾಠಕ್ಕಿಂತ ಮಗುವಿನ ಆಲೋಚನೆಯನ್ನೇ ಗಣಿತಕ್ಕೆ ಒಗ್ಗಿಸುವುದು ಮುಖ್ಯವೆಂದಿತು. ಸೂತ್ರವನ್ನು ಹಲಗೆಯ ಮೇಲೆ ಬರೆದು, ಬೆಲೆ ಹಾಕಿ ಉತ್ತರ ತೆಗೆದರೆ ಪಾಠ ಬೇಗ ಮುಗಿಯುತ್ತದೆ, ನಿಜ. ಆದರೆ ಮಗು ಎಲ್ಲಿ ಎಡವಿತೆಂಬುದು ಮಗುವಿಗೂ ತಿಳಿಯುವುದಿಲ್ಲ, ಶಿಕ್ಷಕನಿಗೂ ತಿಳಿಯುವುದಿಲ್ಲ. ಆಗ ಮಗು ತಪ್ಪನ್ನೆಲ್ಲ ತನ್ನ ತಲೆಯ ಮೇಲೇ ಹೊತ್ತುಕೊಳ್ಳುತ್ತದೆ.

ಆದ್ದರಿಂದ ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಹೊಸ ಪಾಠ ಆರಂಭಿಸುವ ಮೊದಲು ಮಗುವಿಗೆ ಈಗಾಗಲೇ ಏನು ಗೊತ್ತಿದೆ ಎಂದು ಕೇಳಿ ತಿಳಿಯೋಣ. ಪಾರಿಭಾಷಿಕ ಪದಗಳನ್ನು ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಗೋಡೆಗೆ ಬರೆದು ಹಾಕೋಣ. ಈ ಕೆಲಸದಲ್ಲಿ ಭಾಷಾ ಶಿಕ್ಷಕರೂ ಗಣಿತ ಶಿಕ್ಷಕರ ಜೊತೆ ಕೈಜೋಡಿಸೋಣ. ಮೊದಲ ಲೆಕ್ಕ ಪ್ರತಿಯೊಂದು ಮಗುವೂ ಬಿಡಿಸಬಲ್ಲಷ್ಟು ಸುಲಭವಾಗಿರಲಿ.

ವಿದ್ಯಾರ್ಥಿಗಳೇ, ನೀವು ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡರೆ ತಲೆಯನ್ನು ಬೈದುಕೊಳ್ಳಬೇಡಿ. ಯಾವ ಹೆಜ್ಜೆಯವರೆಗೆ ಗೊತ್ತಿದೆ ಎಂದು ಹುಡುಕಿ, ಅಲ್ಲಿಂದ ಮುಂದಿನದನ್ನು ನಿಮ್ಮ ಶಿಕ್ಷಕರಲ್ಲಿ ಕೇಳಿರಿ. ತಂದೆಯಿಲ್ಲದ ಮನೆಯಲ್ಲಿ, ಹೇಳಿಕೊಡುವವರಿಲ್ಲದೆ ಬೀಜಗಣಿತ ಕಲಿತ ಹುಡುಗ ಮುಂದೆ ನೂರಾರು ಮಕ್ಕಳಿಗೆ ಉಸ್ತಾದರಾದದ್ದು ಹೀಗೆ ಒಂದೊಂದೇ ಹೆಜ್ಜೆ ಇಟ್ಟು.