ಮೀನಿನ ಮರಿಗಳ ಪರ ನಿಂತ ರೇಚಲ್ ಕಾರ್ಸನ್

ಮಲ್ದಕಲ್ ಸುತ್ತ ಹತ್ತಿ ಬೆಳೆಗೆ ಎಣ್ಣೆ ಹೊಡೆಯುವ ರೈತರು ತಿಳಿಯಬೇಕಾದ ಹೆಸರು ರೇಚಲ್ ಕಾರ್ಸನ್. 1907ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜನಿಸಿದ ಅವರು 1936ರಲ್ಲಿ ಸರ್ಕಾರಿ ಮೀನುಗಾರಿಕೆ ಇಲಾಖೆ ಸೇರಿದರು.

1954ರಲ್ಲಿ ಕೆನಡಾದ ಮಿರಾಮಿಷಿ ನದಿ ಬಳಿಯ ಕಾಡಿನ ಹುಳು ಕೊಲ್ಲಲು ವಿಮಾನದಿಂದ ಡಿಡಿಟಿ ಸಿಂಪಡಿಸಲಾಯಿತು. ಸತ್ತಿದ್ದು ಹುಳುವಷ್ಟೇ ಅಲ್ಲ, ಆ ವಸಂತದಲ್ಲಿ ಮೊಟ್ಟೆಯೊಡೆದ ಸಾಲ್ಮನ್ ಮರಿಗಳು ಬಹುತೇಕ ನಾಶವಾದವು. 1962ರಲ್ಲಿ ಬಂದ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಕಾರ್ಸನ್ ಇದನ್ನು ವಿವರವಾಗಿ ಬರೆದರು. ರಾಸಾಯನಿಕ ಕಂಪನಿಗಳು ಹರಿಹಾಯ್ದವು. ಕ್ಯಾನ್ಸರ್‌ನಿಂದ ಬಳಲುತ್ತಲೇ 1963ರಲ್ಲಿ ಸೆನೆಟ್ ಸಮಿತಿ ಮುಂದೆ ಹೇಳಿಕೆ ನೀಡಿದ ಅವರು 1964ರಲ್ಲಿ ನಿಧನರಾದರು.

ಅಮೆರಿಕ ಡಿಡಿಟಿಯ ಕೃಷಿ ಬಳಕೆ ನಿಷೇಧಿಸಿದ್ದು 1972ರಲ್ಲಿ. ಡಿಡಿಟಿಯ ಒಂದು ಅಂಶ ಹೆಣ್ಣು ಹಾರ್ಮೋನಿನಂತೆ ವರ್ತಿಸಿ, ಗಂಡು ಮೀನಿನಲ್ಲೂ ಮೊಟ್ಟೆಯ ಪ್ರೋಟೀನ್ ಹುಟ್ಟಿಸುತ್ತದೆಂದು ಪರೀಕ್ಷೆಗಳು ತೋರಿಸಿದ್ದು ಇನ್ನೂ ತಡವಾಗಿ.